ಕುಮಟಾದ ಗ್ಯಾರೇಜಿನ ಅಣ್ಣನಿಗೆ

ದೇವಿಮನೆ ಘಟ್ಟ ಇಳಿಯುವಾಗ ಟೊಂಗೆ ಬಡಿದು ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿನ ಎಡಬಾಗಿಲ ಗಾಜು ಪುಡಿಪುಡಿಯಾಯಿತು. ಹೊರಗೆ ಆಷಾಢದ ಮಳೆ, ಪಕ್ಕದ ಸೀಟಿನಲ್ಲಿ ಅಮ್ಮ. ಇದು ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಕತ್ತರಿಸಹೋದರೆ ಪುಡಿಯಾಗುತ್ತದೆ; ಹಾಗಾಗಿ ಬೇರೆ ಕಾರಿನದ್ದನ್ನು ಕತ್ತರಿಸಿ ಕೂರಿಸಲು ಬರುವುದಿಲ್ಲ. ಕುಮಟಾದಲ್ಲಿ ಕೇಳಿದಲ್ಲೆಲ್ಲ 'ಈ ಗಾಡಿಗೆ ಎಲ್ಲಿಂದ ತರೋದು' ಎಂದರು.

ನೀವು ಮಾತ್ರ ಅಟ್ಟ ಹತ್ತಿ, ಗುಜರಿಗೆ ಹೋದ ಪದ್ಮಿನಿಯಿಂದ ಬಿಚ್ಚಿಟ್ಟಿದ್ದ ಗಾಜು ಇಳಿಸಿದಿರಿ. ಮೊದಲು ಅಮ್ಮನಿಗೆ ಕುರ್ಚಿ, ಬಿಸಿ ಚಹಾ. ಆಮೇಲೆ ಸೀಟಿಗೆ ಗೋಣಿಚೀಲ ಹಾಸಿ, ಬಾಗಿಲಿನ ಒಳಹಲಗೆ ಬಿಚ್ಚಿ, ತಳದಲ್ಲಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಿರಿ. ನೀರು ಹೊರಹೋಗುವ ತೂತು ಕಟ್ಟಿದರೆ ಬಾಗಿಲಿಗೆ ಒಳಗಿಂದಲೇ ತುಕ್ಕು ಹಿಡಿಯುತ್ತದಂತೆ; ನನಗದು ಗೊತ್ತೇ ಇರಲಿಲ್ಲ. ರಬ್ಬರಿಗೆ ಸೋಪಿನ ನೀರು ಸವರಿ ಗಾಜನ್ನು ಅದು ಜಾರುವ ಚಾನೆಲ್ಲಿಗೆ ಕೂರಿಸಿದಿರಿ. ಹಿಡಿಕೆ ತಿರುಗಿಸುತ್ತ, ಗಾಜು ಓರೆಯಾದಾಗಲೆಲ್ಲ ನಿಲ್ಲಿಸಿ, ಸ್ಕ್ರೂ ಸಡಿಲಿಸಿ ಮತ್ತೆ ಬಿಗಿದಿರಿ. ಅಂಗಡಿ ಮುಚ್ಚುವ ಹೊತ್ತು ಎಂದೋ ಮೀರಿತ್ತು. ಗಾಜು ಸದ್ದಿಲ್ಲದೆ ಮೇಲೇರಿ ನಿಂತಾಗ ನನಗೆ ಉಸಿರು ಬಂತು.

ಗಾಜಿಗೆ ದುಡ್ಡು ಬೇಡವೆಂದು ಕೂಲಿ ಮಾತ್ರ ತೆಗೆದುಕೊಂಡಿರಿ. ಅಣ್ಣಾ, ಶಿರಸಿಯ ಇಷ್ಟು ಮಳೆಗೂ ಒಳಗೆ ಒಂದು ಹನಿ ಇಳಿದಿಲ್ಲ. ಅಮ್ಮ ನಿಮಗೆಂದು ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದ್ದಾರೆ, ಮಳೆ ಕಡಿಮೆಯಾದ ಮೇಲೆ ತರುತ್ತೇವೆ.