ಆಪ್ ಹಾಕಿದ ಅಂಕ, ಶಿಕ್ಷಕಿ ನೋಡದ ಲೆಕ್ಕ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸವಿನಯ ನಮಸ್ಕಾರಗಳು.

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಮೂರನೇ ತರಗತಿ ಓದುತ್ತಿರುವ ಮಗಳ ಗಣಿತ ಪರೀಕ್ಷೆಯ ಬಗ್ಗೆ ತಮ್ಮ ಕಚೇರಿಗೆ ಹಲವು ಸಲ ಅರ್ಜಿ ಕೊಟ್ಟು, ಪ್ರತಿ ಸಲವೂ "ಸಾಹೇಬರ ಗಮನಕ್ಕೆ ತರುತ್ತೇವೆ" ಎಂಬ ಮಾತನ್ನು ಕೇಳಿಸಿಕೊಂಡು ಹಿಂತಿರುಗಿದವನು ನಾನು. ತಮ್ಮ ಗಮನ ಅಷ್ಟು ದೂರವಿದೆಯೆಂದು ತಿಳಿದಿರಲಿಲ್ಲವಾದ್ದರಿಂದ, ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಕೇಳುವುದು ಇಷ್ಟೇ: ಟ್ಯಾಬ್‌ನಲ್ಲಿ ಆಪ್ ಮೂಲಕ ನಡೆಸುವ ಗಣಿತ ಪರೀಕ್ಷೆಯ ಪ್ರಶ್ನೆಗಳು ಕನ್ನಡದಲ್ಲಿರಲಿ, ಮಗು ಹಾಳೆಯ ಮೇಲೆ ಮಾಡಿದ ಲೆಕ್ಕವನ್ನು ಶಿಕ್ಷಕಿ ನೋಡಿದ ಮೇಲೆಯೇ ಅಂಕ ದಾಖಲಾಗಲಿ.

ಕಳೆದ ಪರೀಕ್ಷೆಯಲ್ಲಿ 71ರಿಂದ 45ನ್ನು ಕಳೆಯುವ ಲೆಕ್ಕವಿತ್ತು. ಮಗಳು ಒಂದರ ಕೆಳಗೊಂದು ಅಂಕಿ ಬರೆದು, 7ನ್ನು ಹೊಡೆದು ಅದರ ತಲೆಯ ಮೇಲೆ 6 ಬರೆದು, ಬಿಡಿಯ ಸ್ಥಾನದಲ್ಲಿ 6, ಹತ್ತರ ಸ್ಥಾನದಲ್ಲಿ 2 ಎಂದು ಸರಿಯಾಗಿಯೇ ಕಳೆದಿದ್ದಾಳೆ. ಆ ಹಾಳೆ ಇಂದಿಗೂ ನನ್ನ ಬಳಿ ಇದೆ. ಕಳೆಯುವ ಲೆಕ್ಕವನ್ನು ಬಲಗಡೆಯಿಂದ ಶುರುಮಾಡಬೇಕೆಂದು ಶಾಲೆಯೇ ಕಲಿಸಿದ್ದರಿಂದ, ಪರದೆಯ ಮೇಲೂ ಅವಳು ಮೊದಲು ಬಂದ 6ನ್ನು ಮೊದಲು ಒತ್ತಿ, ಆಮೇಲೆ 2ನ್ನು ಒತ್ತಿದಳು. ಆಪ್ ಅದನ್ನು 62 ಎಂದು ಓದಿಕೊಂಡು ಕೆಂಪು ಗುರುತು ಹಾಕಿತು. ಮುಂದಿನ ಲೆಕ್ಕಗಳಿಗೂ ಅದೇ ಗತಿ. ಪಕ್ಕದಲ್ಲಿ ಕುಳಿತಿದ್ದ ಹುಡುಗ 7ರಲ್ಲಿ 4 ಹೋದರೆ 3, 5ರಲ್ಲಿ 1 ಹೋದರೆ 4 ಎಂದು, ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆದು 34 ಎಂದು ಉತ್ತರಿಸಿದ್ದ. ಅವನಿಗೆ ದಶಕ ಸಾಲ ತರುವುದನ್ನು ಮತ್ತೊಮ್ಮೆ ಕೂರಿಸಿಕೊಂಡು ಕಲಿಸಬೇಕು; ನನ್ನ ಮಗಳಿಗೆ ಯಾವ ಅಂಕಿಯನ್ನು ಮೊದಲು ಒತ್ತಬೇಕೆಂದು ಒಂದು ಮಾತು ಹೇಳಿದರೆ ಸಾಕು. ಆಪ್‌ಗೆ ಇಬ್ಬರೂ ಒಂದೇ. ಇಬ್ಬರನ್ನೂ "ಒಂದನೇ ತರಗತಿಯ ಮಟ್ಟ" ಎಂಬ ಗುಂಪಿಗೆ ತಳ್ಳಿ, ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದ ನನ್ನ ಫೋನಿಗೆ ಸಂದೇಶ ಕಳಿಸಿತು. ಸಂದೇಶದ ಕೊನೆಯಲ್ಲಿ ನಗುವ ಗೊಂಬೆಯ ಚಿತ್ರವೂ ಇತ್ತು.

ಅರ್ಧ ದಿನದ ಸಂಬಳ ಬಿಟ್ಟು ಶಾಲೆಗೆ ಹೋದೆ. ಶಿಕ್ಷಕಿ ಹಾಳೆಯನ್ನು ನೋಡಿ, "ಲೆಕ್ಕ ಸರಿಯಾಗಿಯೇ ಇದೆ, ಆದರೆ ಸಿಸ್ಟಮ್‌ಗೆ ಹೋಗಿಬಿಟ್ಟಿದೆ, ನಮಗೆ ತಿದ್ದಲು ಬರುವುದಿಲ್ಲ" ಎಂದರು. ಪಾಠ ಮಾಡುವವರು ಅವರು, ಮಗುವಿನ ಕೈಬರಹ ಗುರುತಿಸುವವರು ಅವರು, ಅಂಕ ಕೊಡುವ ಅಧಿಕಾರ ಮಾತ್ರ ಅವರಿಗಿಲ್ಲ! ಮಗಳು ಈಗ ದಿನವೂ ಚಿತ್ರಕಲೆಯ ಹೊತ್ತಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತ ಕೂರುತ್ತಾಳೆ.

ವಾಕ್ಯರೂಪದ ಲೆಕ್ಕಗಳ ಕಥೆ ಇನ್ನೂ ವಿಚಿತ್ರ. ಆ ಆಪ್‌ನಲ್ಲಿ ಇರುವುದು ಇಂಗ್ಲಿಷ್ ಮತ್ತು ಮರಾಠಿ ಎರಡೇ. ಮಗು ಪ್ರಶ್ನೆ ಅರ್ಥವಾಗದೆ ಬಿಟ್ಟಿತೋ, ಗುಣಾಕಾರ ಬಾರದೆ ಬಿಟ್ಟಿತೋ ಎಂಬುದನ್ನು ಯಾರು ಹೇಳಬೇಕು? ರಾಜ್ಯದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಗಣಿತದ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕುತ್ತದೆ. ರಾಜ್ಯದ ನಿಯತಕಾಲಿಕ ಮೌಲ್ಯಮಾಪನದ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ. ಕಾಗದಕ್ಕೆ ಬರುವ ಕನ್ನಡ ಟ್ಯಾಬ್‌ಗೆ ಏಕೆ ಬಾರದು ಎಂಬುದಕ್ಕೆ ತಮ್ಮ ಕಚೇರಿಯಲ್ಲಿ ಯಾರಾದರೂ ಉತ್ತರ ಕೊಡಬಹುದೆಂದು ಕಾದಿದ್ದೇನೆ.

ತಾವು ಶಾಸನ ಮಾಡುವವರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆನ್ನುವ ಸಂವಿಧಾನದ 350-ಎ ವಿಧಿಯನ್ನಾಗಲಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮನ್ನಾಗಲಿ ತಮಗೆ ಓದಿ ಹೇಳುವ ಅಧಿಕಪ್ರಸಂಗ ನನ್ನದಲ್ಲ. ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ ಅಳೆಯಬೇಕೆಂದೂ, ಮಗು ಅಂಜಿಕೆಯಿಲ್ಲದೆ ಕಲಿಯಬೇಕೆಂದೂ ಆ ಕಲಮು ಹೇಳುವುದು ತಮಗೆ ಗೊತ್ತೇ ಇದೆ. ಮೂರನೇ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ ಸಿಗಬೇಕೆಂದು 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ 2026-27ರ ಗಡುವನ್ನು ಇಟ್ಟುಕೊಂಡಿದೆ. ಆ ಗುರಿಯ ಪಟ್ಟಿಗೆ ನನ್ನ ಮಗಳ 26 ಸೇರುತ್ತದೆಯೋ, ಆಪ್ ಓದಿದ 62 ಸೇರುತ್ತದೆಯೋ, ದಯವಿಟ್ಟು ವಿಚಾರಿಸಿ ತಿಳಿಸಿ.

ನಾನು ಟ್ಯಾಬ್‌ನ ವಿರೋಧಿಯಲ್ಲ. ಇಡೀ ತರಗತಿ ಯಾವ ಲೆಕ್ಕದಲ್ಲಿ ಎಡವಿತು ಎಂಬುದನ್ನು ಕ್ಷಣದಲ್ಲಿ ತೋರಿಸುವ ಸಾಧನ ಶಿಕ್ಷಕಿಗೆ ಅನುಕೂಲವೇ. ಹೇಗೆ ಎಡವಿತು ಎಂಬುದು ಮಾತ್ರ ಕಚ್ಚಾ ಹಾಳೆಯಲ್ಲಿರುತ್ತದೆ, ಮತ್ತು ಆ ಹಾಳೆಯನ್ನು ಈಗ ಪರೀಕ್ಷೆ ಮುಗಿದೊಡನೆ ಕಸದ ಬುಟ್ಟಿಗೆ ಹಾಕಲಾಗುತ್ತಿದೆ. ನನ್ನ ಮಗಳು ತನ್ನದನ್ನು ಚೀಲದಲ್ಲಿ ತುರುಕಿಕೊಂಡು ಬಂದದ್ದು ನಮ್ಮ ಪುಣ್ಯ.

ಆದ್ದರಿಂದ ಮತ್ತೊಮ್ಮೆ ಕೇಳುತ್ತಿದ್ದೇನೆ. ಪ್ರಶ್ನೆ ಕನ್ನಡದಲ್ಲಿ ಬರಲಿ. ಹಾಳೆಯನ್ನು ಶಿಕ್ಷಕಿ ನೋಡಲಿ, ತಪ್ಪಾಗಿ ದಾಖಲಾದದ್ದನ್ನು ತಿದ್ದುವ ಅಧಿಕಾರ ಅವರಿಗಿರಲಿ. ದೀಪಾವಳಿ ರಜೆ ಮುಗಿದು ಎರಡನೇ ಸತ್ರ ಆರಂಭವಾಗುವ ಮುನ್ನ ಇದಕ್ಕೆ ಲಿಖಿತ ಆದೇಶ ಬರುವಂತೆ ಮಾಡಬೇಕು; ತಮ್ಮಿಂದ ಆಗದಿದ್ದರೆ ಆಗದು ಎಂದಾದರೂ ಲಿಖಿತವಾಗಿ ತಿಳಿಸಬೇಕು.

ಇತಿ,
ತಮ್ಮ ಕ್ಷೇತ್ರದ ಮತದಾರ, ಮೂರನೇ ತರಗತಿಯ ಹುಡುಗಿಯೊಬ್ಬಳ ತಂದೆ
ಮುಂಬಯಿ