ಸೈಟಾಗುವವರೆಗೆ ಸೊಪ್ಪಾದರೂ ಬೆಳೆಯಲಿ

ಮಾನ್ಯ ಸಂಪಾದಕರೇ,

ಹಾಸನದ ರಿಂಗ್ ರೋಡ್ ದಾಟಿ ಯಾವ ಕಡೆ ಹೋದರೂ ಇಂಥ ಜಮೀನು ಸಿಗುತ್ತದೆ. ಹತ್ತು ಗುಂಟೆ, ಹದಿನೈದು ಗುಂಟೆ, ಹೆಚ್ಚೆಂದರೆ ಒಂದು ಎಕರೆ. ಸುತ್ತ ಕಲ್ಲುಕಂಬ, ತಂತಿ, ಒಳಗೆ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ. ಆಲೂಗಡ್ಡೆ, ರಾಗಿ, ಅವರೆ ಬೆಳೆಯುತ್ತಿದ್ದ ಮಣ್ಣು ಇದು. ಈಗ ಸೈಟಾಗುವ ದಿನಕ್ಕೆ ಕಾಯುತ್ತಿದೆ. ಲೇಔಟ್ ಬರುವುದು ಎರಡು ವರ್ಷಕ್ಕೋ ಹತ್ತು ವರ್ಷಕ್ಕೋ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಆ ನೆಲ ಸುಮ್ನೆ ಬಿದ್ದಿರಬೇಕಾ?

ಹತ್ತು ಗುಂಟೆಯಲ್ಲಿ ಏನಾಗುತ್ತೆ ಎಂದು ಕೇಳುವವರಿದ್ದಾರೆ. ಒಂದು ಗುಂಟೆ ಎಂದರೆ 1,089 ಚದರ ಅಡಿ, ಒಂದು 30-40 ಸೈಟಿಗಿಂತ ಸ್ವಲ್ಪ ಕಡಿಮೆ. ರಾಗಿಗೋ ಮೆಕ್ಕೆಜೋಳಕ್ಕೋ ಅದು ಲೆಕ್ಕಕ್ಕಿಲ್ಲ, ನಿಜ. ಸೊಪ್ಪಿಗೆ ಹಾಗಲ್ಲ. ಮೆಂತ್ಯ, ದಂಟು ತಿಂಗಳೊಳಗೆ ಕೈಗೆ ಬರುತ್ತವೆ, ಕೊತ್ತಂಬರಿಗೆ 40–45 ದಿನ ಸಾಕು. ನೀರೊಂದಿದ್ದು, ಮಡಿ ಮಾಡಿ ವಾರ ಬಿಟ್ಟು ವಾರ ಬಿತ್ತಿದರೆ ಕೊಯ್ಲು ನಿಲ್ಲುವುದೇ ಇಲ್ಲ.

ನಮ್ಮ ಬಡಾವಣೆಯ ಅಂಚಿನಲ್ಲಿ ಒಬ್ಬ ಅಜ್ಜಿ ಇದನ್ನೇ ಮಾಡುತ್ತಿದ್ದಾರೆ. ಬೆಳಗಿನ ಜಾವ ಸಬ್ಬಸಿಗೆ ಕಿತ್ತು, ಬೇರಿನ ಮಣ್ಣು ಕೊಡವಿ, ಬಾಳೆನಾರಲ್ಲಿ ಕಟ್ಟಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಆಟೋಗೆ ಹಾಕಿದರೆ ಏಳು ಗಂಟೆಗೆಲ್ಲ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿರುತ್ತಾರೆ. ಕಿತ್ತು ಎರಡು ಗಂಟೆಯೂ ಆಗಿರದ ಸೊಪ್ಪು. ರಾತ್ರಿಯಿಡೀ ಲಾರಿಯಲ್ಲಿ ಬಂದ ಕಂತೆ ಬಿಚ್ಚಿ ನೋಡಿ, ನಡುವೆ ಬಿಸಿಯಾಗಿ ಎಲೆ ಹಳದಿ ತಿರುಗಿರುತ್ತದೆ. ಅದರ ಅರ್ಧ ಕಸಕ್ಕೆ, ಅದರ ಲಾರಿ ಬಾಡಿಗೆ ನಮ್ಮ ಜೇಬಿನಿಂದ.

ಆದರೆ ಅಜ್ಜಿ ಉಳುತ್ತಿರುವುದು ಬೇರೆಯವರ ಜಮೀನು, ಅದೂ ಬಾಯಿಮಾತಿನ ಮೇಲೆ. ಮುಂದಿನ ವರ್ಷ ಇರುತ್ತೋ ಇಲ್ಲವೋ ಗೊತ್ತಿಲ್ಲದ ನೆಲಕ್ಕೆ ಕೊಟ್ಟಿಗೆ ಗೊಬ್ಬರ ಯಾರು ಹೊಡೆಸುತ್ತಾರೆ, ಡ್ರಿಪ್ ಯಾರು ಹಾಕಿಸುತ್ತಾರೆ? ಜಮೀನಿನವರಿಗೆ ಕೇಳಿದರೆ ಅವರದ್ದೂ ಭಯವೇ. ಬರೆದುಕೊಟ್ಟರೆ ನಾಳೆ ಹಕ್ಕು ಕೇಳಿದರೆ? ಈ ಭಯಕ್ಕೆ ಕಾರಣವಿದೆ. 1961ರ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. 1974ರ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ಸಿಕ್ಕಿತು. ಅದು ದೊಡ್ಡ ಕೆಲಸ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ 2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದರಲ್ಲ, ಆಗ ಬೇಸಾಯ ಮಾಡದವರ ಕೈಗೆ ಹೋಗುವ ನೆಲದಲ್ಲಿ ಬೆಳೆ ತೆಗೆಯುವವರು ಯಾರು ಎಂದು ಯೋಚಿಸಬೇಕಿತ್ತು. ಕೊಳ್ಳುವ ಬಾಗಿಲು ತೆರೆಯಿತು, ಉಳುವವರ ಬಾಗಿಲು ಹಾಗೇ ಮುಚ್ಚಿದೆ.

ಇದರ ಲಾಭ ಆಗುತ್ತಿರುವುದು ಶುಂಠಿಗೆ. ಕೊಳೆ ರೋಗದಿಂದಾಗಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಶುಂಠಿ ಹಾಕಲಾಗುವುದಿಲ್ಲ. ಹಾಗಾಗಿ ಗುತ್ತಿಗೆಗೆ ಹಿಡಿದವರು ಬೆಳೆ ಕಿತ್ತು ಬೇರೆ ಜಮೀನು ಹುಡುಕುತ್ತಾರೆ. ಮಾಲೀಕರಿಗೆ ಬೇಕಾದದ್ದೂ ಅದೇ, ಬಂದು ಹೋಗುವ ಮನುಷ್ಯ. ಒಂದೇ ಕಡೆ ಉಳಿದು ಮಣ್ಣು ಹದ ಮಾಡುವ ತರಕಾರಿಯವರಿಗೆ ಜಾಗವಿಲ್ಲ.

ಖಾತೆಯ ಗೋಳು ಬೇರೆ. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿರುವುದಿಲ್ಲ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿರುವುದಿಲ್ಲ, ಪಹಣಿ ಜಂಟಿ. ಅಣ್ಣತಮ್ಮಂದಿರಲ್ಲಿ ಒಬ್ಬರು ಬೆಂಗಳೂರಲ್ಲಿ, ಇನ್ನೊಬ್ಬರು ಮಾತು ಬಿಟ್ಟವರು. ಸಾಲವೂ ಇಲ್ಲ, ಸಬ್ಸಿಡಿಯೂ ಇಲ್ಲ.

ನೀರಿನ ಮಾತೂ ಹೇಳಲೇಬೇಕು. ಊರಿನ ಅಂಚಿನಲ್ಲಿ ಸುಲಭವಾಗಿ ಸಿಗುವುದು ಚರಂಡಿ ನೀರು. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಅದನ್ನು ಹಾಯಿಸಿದರೆ ದೂರದ ಲಾರಿ ಸೊಪ್ಪೇ ವಾಸಿ ಎನ್ನಬೇಕಾಗುತ್ತದೆ. ಬೋರ್‌ವೆಲ್ ಇಲ್ಲದ ಕಡೆ ಮಳೆಗಾಲದಲ್ಲಿ ಅವರೆ, ಅಲಸಂದೆ, ಕುಂಬಳ ಹಾಕಲಿ, ಅದೂ ಊಟವೇ ಅಲ್ವಾ.

ನಾನು ಕೇಳುವುದು ದೊಡ್ಡದೇನಲ್ಲ. ಮಾಲೀಕರ ಹಕ್ಕಿಗೆ ಧಕ್ಕೆ ಬಾರದಂತೆ, ಉಳುವವರನ್ನು ಬೆಳೆ ನಡುವೆ ಎಬ್ಬಿಸದಂತೆ, ಮೂರು ವರ್ಷದ ಲಿಖಿತ ಒಪ್ಪಂದಕ್ಕೆ ಕಾನೂನಿನಲ್ಲಿ ಅವಕಾಶ ಕೊಡಿ. ನೀತಿ ಆಯೋಗ 2016ರಲ್ಲೇ ಇಂಥದ್ದೊಂದು ಮಾದರಿ ಕಾಯ್ದೆ ಮಾಡಿಕೊಟ್ಟಿದೆ. ದೊಡ್ಡ ಕಂಪನಿಗಳು ನುಗ್ಗುವ ಭಯವಿದ್ದರೆ ನಗರದ ಸುತ್ತಲಿನ ಒಂದು ಎಕರೆ ಒಳಗಿನ ತುಂಡುಗಳಿಗೆ, ಅದೂ ಆಹಾರ ಬೆಳೆಗೆ ಮಾತ್ರ ಎಂದು ಮಿತಿ ಹಾಕಿ. ನಮ್ಮ ಶಾಸಕರು ಸದನದಲ್ಲಿ ಇದನ್ನು ಎತ್ತಲಿ. ಪೌತಿ ಖಾತೆ ಅರ್ಜಿಗಳನ್ನು ಈ ಹಳ್ಳಿಗಳಲ್ಲಿ ಮೊದಲು ಮುಗಿಸುವುದಕ್ಕೆ ಯಾವ ಹೊಸ ಕಾನೂನೂ ಬೇಡ, ತಹಶೀಲ್ದಾರರು ಮನಸ್ಸು ಮಾಡಿದರೆ ಸಾಕು. ಕಾರೇಕೆರೆಯ ಕೃಷಿ ಕಾಲೇಜು ಇಷ್ಟು ಹತ್ತಿರದಲ್ಲಿದೆ, ಈ ಜಾಗಗಳ ಮಣ್ಣು ಮತ್ತು ನೀರು ಪರೀಕ್ಷೆಗೆ ಅವರ ನೆರವು ಕೇಳಬಹುದು. ನಗರಾಡಳಿತ ಬಡಾವಣೆಗೊಂದರಂತೆ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಬೆಳೆದವರೇ ಕೂತು ಮಾರುವ ಜಾಗ ಗುರುತಿಸಲಿ. ಅಲ್ಲಿ ಸ್ವಲ್ಪ ನೆರಳು, ಒಂದು ನಲ್ಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿ, ಸುಂಕ ಬೇಡ.

– ಓದುಗರೊಬ್ಬರು, ಹಾಸನ