ಈ ಮ್ಯಾಗ್ನೆಟ್ಟಿಗೆ ಸ್ವಿಚ್ ಇಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಓಪನ್ ಡೇ ಅಂತ ಲ್ಯಾಬ್ ಬಾಗಿಲು ತೆಗೆದು ಜನರನ್ನ ಒಳಗೆ ಬಿಡೋದು ಒಳ್ಳೇ ಕೆಲ್ಸ, ಬೇಡ ಅಂತಿಲ್ಲ. ಆದ್ರೆ ಎನ್‌ಎಂಆರ್ ಮಷೀನ್, ಅಂದ್ರೆ ಭಾರೀ ಮ್ಯಾಗ್ನೆಟ್ಟಿಂದ ರಾಸಾಯನಿಕಗಳ ಒಳರಚನೆ ನೋಡೋ ಮಷೀನ್, ಇರೋ ರೂಮಿನ ಕಥೆ ಬೇರೆ. ಅಂಥ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದ್ದೋನು ನಾನು, ಬಂದೋರೆಲ್ಲಾ ಕೇಳ್ತಿದ್ದಿದ್ದು ಒಂದೇ, "ಈಗ ಆಫ್ ಇದೆ ಅಲ್ವಾ ಸಾರ್?" ದೊಡ್ಡ ಹಾಲಿನ ಕ್ಯಾನ್ ಥರ ಸುಮ್ನೆ ನಿಂತಿರತ್ತೆ, ಹಂಗನ್ಸೋದು ಸಹಜಾನೇ. ಆದ್ರೆ ಒಳಗಿನ ತಂತಿ ಸುರುಳಿ ಲಿಕ್ವಿಡ್ ಹೀಲಿಯಮ್ಮಲ್ಲಿ ಮೈನಸ್ 269 ಡಿಗ್ರಿಲಿ ಮುಳುಗಿರತ್ತೆ, ಒಂದ್ಸಲ ತುಂಬಿಸಿದ ಕರೆಂಟು ವರ್ಷಗಟ್ಲೆ ಅದರೊಳಗೇ ಸುತ್ತುತ್ತಿರತ್ತೆ, ಊರಿಗೆಲ್ಲಾ ಪವರ್ ಹೋದ್ರೂ ಮ್ಯಾಗ್ನೆಟ್ ಆನ್ ಆಗೇ ಇರತ್ತೆ. 400 ಮೆಗಾಹರ್ಟ್ಸ್ ಅನ್ನೋ ಇಂಥ ಮಷೀನಿನ ಮ್ಯಾಗ್ನೆಟ್ ಶಕ್ತಿ 9.4 ಟೆಸ್ಲಾ, ಆಸ್ಪತ್ರೆ ಎಂಆರ್‌ಐ ಸಾಮಾನ್ಯವಾಗಿ 1.5 ಇಲ್ಲಾ 3. ಆ ಎಂಆರ್‌ಐಗೇ 2018ರಲ್ಲಿ ಮುಂಬೈನ ಆಸ್ಪತ್ರೆಲಿ ಆಕ್ಸಿಜನ್ ಸಿಲಿಂಡರ್ ಹಿಡ್ಕೊಂಡು ಒಳಗೆ ಹೋದ ರೋಗಿ ಕಡೆಯವರೊಬ್ರು ಜೀವ ಕಳ್ಕೊಂಡ್ರು, ಮಷೀನ್ ಆಫ್ ಇದೆ ಅಂತ ಹೇಳಿ ಕಳ್ಸಿದ್ರು ಅಂತ ಮನೆಯೋರು ದೂರಿದ್ರು.

ಈಗಿನ ಮಷೀನ್‌ಗೆ ಮ್ಯಾಗ್ನೆಟ್ ಶಕ್ತಿ ಹೊರಗೆ ಹರಡದಂಗೆ ತಡೆಯೋ ಶೀಲ್ಡ್ ಇರತ್ತೆ, ಅದೇ ಇನ್ನೂ ಮೋಸ, ಎರಡು ಹೆಜ್ಜೆ ದೂರದಲ್ಲಿ ಏನೂ ಗೊತ್ತಾಗಲ್ಲ, ಹತ್ರ ಹೋದ್ರೆ ಇದ್ದಕ್ಕಿದ್ದಂಗೆ ಎಳ್ಕೊಳತ್ತೆ. ನಮ್ಮಲ್ಲಿ ಎಸಿ ರಿಪೇರಿಗೆ ಬಂದ ಹುಡುಗನ ಸ್ಪ್ಯಾನರ್ ಹಂಗೇ ಕೈಯಿಂದ ಕಿತ್ಕೊಂಡು ಹೋಗಿ ಅಂಟ್ಕೊಂಡಿತ್ತು, ಪುಣ್ಯಕ್ಕೆ ಮಧ್ಯದಲ್ಲಿ ಯಾರ ಕೈಯೂ ಇರ್ಲಿಲ್ಲ. ಬಾಗಿಲ ಮೇಲಿನ ಬೋರ್ಡ್ ಅವ್ನು ನೋಡಿದ್ನಂತೆ, ಪೂರ್ತಿ ಇಂಗ್ಲಿಷು. ಟ್ರೈನಿಂಗ್ ಇಲ್ದೋರು ಅಂದ್ರೆ ಸ್ಕೂಲ್ ಮಕ್ಕಳು ಅಷ್ಟೇ ಅಲ್ಲ ನೋಡಿ, ಎಲೆಕ್ಟ್ರಿಷಿಯನ್ನು, ನೆಲ ಒರೆಸೋ ಅಮ್ಮ, ರಾತ್ರಿ ಸೆಕ್ಯೂರಿಟಿಯವ್ರೂ ಅದೇ ಲೆಕ್ಕ.

ಪೇಸ್‌ಮೇಕರ್ ಇರೋರು ದಾಟ್ಬಾರ್ದು ಅಂತ 5 ಗಾಸ್ ಗೆರೆಗೆ ನೆಲದ ಮೇಲೆ ಟೇಪ್ ಹಾಕಿರ್ತಾರೆ (ಗಾಸ್ ಅನ್ನೋದೂ ಮ್ಯಾಗ್ನೆಟ್ ಶಕ್ತಿಯ ಅಳತೇನೇ, ಟೆಸ್ಲಾಗಿಂತ ತುಂಬಾ ಚಿಕ್ಕದು), ಸರಿ, ಮೊಮ್ಮಗನ ಜೊತೆ ಬಂದ ಅಜ್ಜನಿಗೆ ಗಾಸ್ ಅಂದ್ರೆ ಏನು ಅರ್ಥ ಆಗ್ಬೇಕು? "ಪೇಸ್‌ಮೇಕರ್ ಇದ್ಯಾ" ಅಂದ್ರೂ ಕೆಲವ್ರು ಇಲ್ಲ ಅಂತಾರೆ, "ಎದೇಲಿ ಮಷೀನ್ ಹಾಕಿಸಿದ್ದೀರಾ ಅಜ್ಜ" ಅಂದ್ರೆ ತಕ್ಷಣ ಹೂಂ ಅಂತಾರೆ. ಹಂಗೆ ಕೇಳೋಕೆ ಬಾಗಿಲಲ್ಲಿ ಒಬ್ಬ ಮನುಷ್ಯ ಬೇಕು, ಪೋಸ್ಟರ್ ಅಲ್ಲ.

ಮಕ್ಕಳ ಬ್ಯಾಗು ಹೊರಗೇ ಇಡಿಸಿ, ಜಾಮಿಟ್ರಿ ಬಾಕ್ಸಲ್ಲಿ ಕೈವಾರ ಇರತ್ತೆ. ಬೀಗದ ಕೈ, ಹೇರ್‌ಪಿನ್, ಸೆರಗಿನ ಪಿನ್ನೂ ಅಷ್ಟೇ. ಒಂದ್ಸಲಕ್ಕೆ ಐದಾರು ಜನ ಸಾಕು, ಜೊತೆಗೆ ಕನ್ನಡದಲ್ಲೊಂದು ಬೋರ್ಡ್ ಬರೆಸಿ, "ಈ ಮಷೀನ್ ಯಾವಾಗ್ಲೂ ಆನ್" ಅಂತ, ಮುಂದಿನ ಓಪನ್ ಡೇ ಒಳಗೆ ಆದ್ರೆ ಒಳ್ಳೇದು.

ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮೈಸೂರು